ಸಿನಿಮಾ ಕೊಂದವರು ಕಾಮಿಕ್ಸ್‌ನಲ್ಲಿ ಬದುಕಿದ್ದರು

1992ರ ‘ಏಲಿಯನ್ 3’ ಸಿನಿಮಾ ಸರಿಯಾಗಿ ಶುರುವಾಗುವ ಮೊದಲೇ ಇಬ್ಬರನ್ನು ಮುಗಿಸಿಬಿಡುತ್ತದೆ. ಒಬ್ಬಳು ನ್ಯೂಟ್ ಎಂಬ ಪುಟ್ಟ ಹುಡುಗಿ. ಇನ್ನೊಬ್ಬ ಹಿಕ್ಸ್ ಎಂಬ ಸೈನಿಕ. ಜೇಮ್ಸ್ ಕ್ಯಾಮರೂನ್ ನಿರ್ದೇಶಿಸಿದ್ದ 1986ರ ‘ಏಲಿಯನ್ಸ್’ನಲ್ಲಿ ನಾಯಕಿ ರಿಪ್ಲಿಯ ಜೊತೆ ಜೀವಂತ ಪಾರಾಗಿ ಬಂದವರು ಇವರು. ಅಷ್ಟು ಗುಂಡು, ಅಷ್ಟು ಬೆಂಕಿ, ಅಷ್ಟು ಓಟ ಎಲ್ಲ ಯಾರನ್ನು ಉಳಿಸುವುದಕ್ಕಾಗಿ ನಡೆದಿತ್ತೋ ಆ ಹುಡುಗಿ ಮುಂದಿನ ಸಿನಿಮಾದಲ್ಲಿ ಕಣ್ಣು ಬಿಡುವುದೇ ಇಲ್ಲ. ನಿದ್ರಾಪೆಟ್ಟಿಗೆಯಲ್ಲೇ ಮುಳುಗಿ ಸತ್ತಿರುತ್ತಾಳೆ. ಹಿಕ್ಸ್‌ನ ಪಾಲಿಗೆ ಉಳಿದದ್ದು ಕಂಪ್ಯೂಟರ್ ಪರದೆಯ ಮೇಲೊಂದು ಫೋಟೊ ಮಾತ್ರ.

ಬಹುಪಾಲು ಪ್ರೇಕ್ಷಕರಿಗೆ ಇದು ಬೇಸರದ ಸಂಗತಿ, ಅಷ್ಟೆ. ಈ ಸಿನಿಮಾಗಳ ಕಥೆಯನ್ನು ಮುಂದುವರಿಸಿದ ಕಾಮಿಕ್ಸ್ ಓದುತ್ತಿದ್ದವರ ತೊಂದರೆ ಬೇರೆಯದೇ ಆಗಿತ್ತು. ನಮ್ಮ ಲೆಕ್ಕದಲ್ಲಿ ನ್ಯೂಟ್ ಆಗಲೇ ಬೆಳೆದು ದೊಡ್ಡವಳಾಗಿದ್ದಳು. ಹಿಕ್ಸ್ ಮುಖದ ತುಂಬ ಆಮ್ಲದ ಕಲೆ ಹೊತ್ತು, ಕುಡಿದು, ಜಗಳವಾಡಿ, ಮತ್ತೆ ಬಂದೂಕು ಹಿಡಿದಿದ್ದ. ಭೂಮಿಯೇ ಅನ್ಯಜೀವಿಗಳ ಪಾಲಾಗಿತ್ತು. ಇದನ್ನೆಲ್ಲ ಓದಿ ನಂಬಿ ಕುಳಿತವರಿಗೆ ಸಿನಿಮಾ ಬಂದು, ಅದು ಯಾವುದೂ ನಡೆದೇ ಇಲ್ಲ ಎಂದಿತು.

ಈ ಪ್ರಪಂಚದ ಒಳಗೆ ನನ್ನನ್ನು ಎಳೆದು ತಂದದ್ದು ‘ಏಲಿಯನ್ಸ್’ ಎಂಬ ಹೆಸರಿನದೇ ಬ್ರಿಟಿಷ್ ಪತ್ರಿಕೆ. 1991ರಲ್ಲಿ ಶುರುವಾಗಿ, 1992ರಲ್ಲಿ ಹೊಸ ಸಿನಿಮಾದ ಸದ್ದಿನ ನಡುವೆ ಎರಡನೆಯ ಸಂಪುಟವೆಂದು ಮತ್ತೆ ಒಂದರಿಂದ ಎಣಿಕೆ ಹಿಡಿದು, 1994ರ ಹೊತ್ತಿಗೆ ನಿಂತುಹೋಯಿತು. ಎರಡನೆಯ ಸಂಪುಟದ ಹೊತ್ತಿಗೆ ಅಮೆರಿಕದ ಡಾರ್ಕ್ ಹಾರ್ಸ್ ಎಂಬ ಕಾಮಿಕ್ಸ್ ಪ್ರಕಾಶನ ಸಂಸ್ಥೆಯ ಬ್ರಿಟಿಷ್ ಶಾಖೆ ಅದನ್ನು ಹೊರತರುತ್ತಿತ್ತು. ಅದೇ ಶಾಖೆ ‘ಸ್ಟಾರ್ ವಾರ್ಸ್’ಗೂ ‘ಜುರಾಸಿಕ್ ಪಾರ್ಕ್’ಗೂ ಇಂಥದೇ ಪತ್ರಿಕೆ ನಡೆಸಿತ್ತು. ಅಮೆರಿಕದಲ್ಲಿ ಬಿಡಿ ಸಂಚಿಕೆಗಳಾಗಿ ಬಂದಿದ್ದ ಕಥೆಗಳನ್ನು ತುಂಡು ಮಾಡಿ, ಒಂದು ಸಂಚಿಕೆಯಲ್ಲಿ ಎರಡು ಮೂರು ಧಾರಾವಾಹಿ ಸೇರಿಸಿ, ನಡುನಡುವೆ ಸಂದರ್ಶನ, ಸಿನಿಮಾ ತೆರೆಮರೆಯ ಲೇಖನ ತುರುಕಿ ಕೊಡುವುದು ಅದರ ಕ್ರಮ.

ಹಳೆಯ ಪ್ರತಿಗಳು ಎಂದೋ ಕೈಬಿಟ್ಟು ಹೋಗಿದ್ದವು. ಅವನ್ನು ಮತ್ತೆ ಕೂಡಿಸಬೇಕೆಂದು ಹೊರಟದ್ದು ಹಳೆಯ ನೆನಪಿನ ಹಂಬಲದಿಂದಲ್ಲ. ಒಂದು ವಾದವನ್ನು ಇತ್ಯರ್ಥ ಮಾಡಿಕೊಳ್ಳಬೇಕಿತ್ತು. ಸಿನಿಮಾ ಹೆಸರಿನಲ್ಲಿ ಬರುವ ಕಾಮಿಕ್ಸ್ ಎಂದರೆ ಟಿಕೆಟ್ ಮಾರಲು ಅಚ್ಚು ಹಾಕಿದ ಜಾಹೀರಾತು, ಅದಕ್ಕೆ ಇಷ್ಟು ಮಹತ್ವ ಬೇಡ ಎಂದು ಸ್ನೇಹಿತರೊಬ್ಬರು ಸದಾ ಹೇಳುತ್ತಿದ್ದರು. ಇಲ್ಲ ಎನ್ನಲು ನನ್ನ ಬಳಿ ಹದಿಹರೆಯದ ಉತ್ಸಾಹದ ನೆನಪಿತ್ತೇ ಹೊರತು ಪುರಾವೆ ಇರಲಿಲ್ಲ.

ಸಂಚಿಕೆಗಳನ್ನು ಹುಡುಕಿ ತರಿಸಿದ ಕಥೆ ಹೇಳುವಂಥದ್ದೇನಲ್ಲ. ಹಳೆಯ ಪತ್ರಿಕೆ ಮಾರುವವರು ಇದ್ದಾರೆ, ಹಣ ಕಳಿಸಿದರೆ ಕಟ್ಟು ಬರುತ್ತದೆ. ಚೆನ್ನಾಗಿದೆ ಎಂದು ಬರೆದು ಕಳಿಸಿದ್ದ ಒಂದು ಕಟ್ಟಿನಲ್ಲಿ ಎರಡು ಸಂಚಿಕೆಗಳ ನಡುಪುಟವನ್ನು ಯಾರೋ ಬ್ಲೇಡಿನಿಂದ ನೀಟಾಗಿ ಕತ್ತರಿಸಿ ತೆಗೆದಿದ್ದರು. ಯಾವುದೋ ಕೋಣೆಯ ಗೋಡೆಗೆ ಅಂಟಿಸಿದ ಆ ಚಿತ್ರದ ಬೆನ್ನಿಗೆ ಕಥೆಯ ಒಂದು ಪುಟ ಹೋಗಿದೆ ಎಂಬುದು ಕತ್ತರಿಸಿದವನಿಗೂ ಗೊತ್ತಿರಬೇಕು, ಮಾರಿದವನಿಗಂತೂ ಗೊತ್ತಿತ್ತು. ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಹತ್ತಿದ್ದವು ಹಲವು. ಪಿನ್ನನ್ನು ಮೊದಲು ನೆಟ್ಟಗೆ ಮಾಡಿ, ಆಮೇಲೆ ಹಿಂದಿನಿಂದ ಮೆಲ್ಲಗೆ ತಳ್ಳಿ ತೆಗೆಯಬೇಕು. ಮುಂದಿನಿಂದ ಎಳೆದರೆ ಮುಖಪುಟ ಹರಿಯುತ್ತದೆ.

ಓದುವ ಕ್ರಮವೇ ದೊಡ್ಡ ತಲೆನೋವಾಯಿತು. ಪತ್ರಿಕೆ ಬಂದ ಕ್ರಮದಲ್ಲಿ ಓದಿದರೆ ಯಾವ ಕಥೆಗೂ ತಲೆಬುಡ ಸಿಗುವುದಿಲ್ಲ. ಒಂದು ಕಥೆ ಏರುತ್ತಿರುವಾಗ ‘ಮುಂದುವರಿಯುವುದು’ ಎಂದು ನಿಂತು, ಪುಟ ತಿರುಗಿಸಿದರೆ ಬೇರೊಂದು ಸಿನಿಮಾದ ಬೇಟೆಗಾರ ಅನ್ಯಜೀವಿ ‘ಪ್ರಿಡೇಟರ್’ ಕಾಡಿನಲ್ಲಿ ಯಾರನ್ನೋ ಬೇಟೆಯಾಡುತ್ತಿರುತ್ತದೆ. ಹಾಗಾಗಿ ಪತ್ರಿಕೆಯ ಸಂಚಿಕೆಗಳ ಪಕ್ಕದಲ್ಲಿ ಅಮೆರಿಕದ ಮೂಲ ಕಾಮಿಕ್ಸ್‌ಗಳನ್ನೂ, ಆಮೇಲೆ ಬಂದ ಪುಸ್ತಕರೂಪದ ಸಂಗ್ರಹಗಳನ್ನೂ ಇಟ್ಟುಕೊಂಡೆ. ಕಥೆಗಳು ಹುಟ್ಟಿದ ಕಾಲಕ್ರಮದಲ್ಲಿ ಓದುವುದು, ಪ್ರತಿ ಕಥೆ ಮುಗಿದಾಗ ಪತ್ರಿಕೆಯ ಲೇಖನಗಳಿಗೆ ಮರಳುವುದು, ನಡುವೆ ಸಿನಿಮಾಗಳನ್ನು ಬಂದ ವರ್ಷಕ್ಕೆ ಸರಿಯಾಗಿ ನೋಡುವುದು ಎಂದು ನಿಶ್ಚಯಿಸಿದೆ. ತಾಳೆಗರಿ ಪ್ರತಿಗಳನ್ನು ಹರಡಿಕೊಂಡು ಪಾಠಾಂತರ ಗುರುತಿಸುವ ಗ್ರಂಥಸಂಪಾದಕರ ಕೆಲಸ ಇದು. ಅವರಿಗೆ ವಿಶ್ವವಿದ್ಯಾಲಯ ಸಂಬಳ ಕೊಡುತ್ತದೆ ಎಂಬುದಷ್ಟೇ ವ್ಯತ್ಯಾಸ.

ಮೊದಲನೆಯದು 1988ರಲ್ಲಿ ಶುರುವಾದ ಆರು ಸಂಚಿಕೆಗಳ ಸರಣಿ. ಮೈಕ್ ರಿಚರ್ಡ್‌ಸನ್ ಎಂಬ ಕಾಮಿಕ್ಸ್ ಅಂಗಡಿ ಮಾಲೀಕರು 1986ರಲ್ಲಿ ಆರೆಗಾನ್‌ನಲ್ಲಿ ಹುಟ್ಟುಹಾಕಿದ ಡಾರ್ಕ್ ಹಾರ್ಸ್ ಆಗ ತೀರಾ ಸಣ್ಣ ಸಂಸ್ಥೆ. ಕಥೆ ಮಾರ್ಕ್ ವರ್ಹೈಡನ್ ಅವರದು, ಚಿತ್ರ ಮಾರ್ಕ್ ಎ. ನೆಲ್ಸನ್ ಅವರದು, ಅಚ್ಚಾದದ್ದು ಕಪ್ಪು ಬಿಳುಪಿನಲ್ಲಿ. ಮೊದಲ ಸಂಚಿಕೆಯನ್ನು ಮತ್ತೆ ಮತ್ತೆ ಅಚ್ಚು ಹಾಕಬೇಕಾಯಿತು ಎಂಬುದರಿಂದ ಅದು ಎಷ್ಟು ಓಡಿತೆಂದು ಊಹಿಸಬಹುದು.

ಈಗ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕಹಿ. ಹುಡುಗನಾಗಿದ್ದಾಗ ನಾನು ನೋಡಿದ್ದು ರಾಕ್ಷಸರನ್ನು ಮಾತ್ರ. ನ್ಯೂಟ್ ಈಗ ಯುವತಿ, ಮನೋರೋಗಿಗಳ ಆಸ್ಪತ್ರೆಯಲ್ಲಿದ್ದಾಳೆ. ದುಃಸ್ವಪ್ನ ಬಿಟ್ಟಿಲ್ಲ. ಅವಳು ಕಂಡದ್ದೆಲ್ಲ ನಿಜ, ಆದರೂ ಗುಣವಾಗಬೇಕಾದರೆ ಅದು ಸುಳ್ಳೆಂದು ಒಪ್ಪಿಕೊಳ್ಳಬೇಕು ಎಂಬ ಸ್ಥಿತಿ. ಹಿಕ್ಸ್‌ನನ್ನು ಜೊತೆಯ ಸೈನಿಕರು ಅಂಟುರೋಗದವನ ಹಾಗೆ ದೂರವಿಡುತ್ತಾರೆ. ಒಂದು ಕಂಪನಿ ಅನ್ಯಜೀವಿಯ ರಾಣಿಯನ್ನು ಭೂಮಿಗೆ ತಂದು ಮೊಟ್ಟೆ ಇಡಿಸುತ್ತದೆ. ಟೆಲಿವಿಷನ್ನಿನಲ್ಲಿ ಪ್ರವಚನ ಮಾಡುವ ಧರ್ಮಗುರುವೊಬ್ಬ ಆ ಜೀವಿಯನ್ನೇ ದೇವರೆಂದು ಸಾರುತ್ತಾನೆ, ಅವನ ಹಿಂಬಾಲಕರು ಮೊಟ್ಟೆಯ ಮುಂದೆ ಮುಖವೊಡ್ಡಿ ನಿಲ್ಲುತ್ತಾರೆ. ಜನ ಭೂಮಿ ಬಿಟ್ಟು ಓಡುತ್ತಾರೆ. ಇಷ್ಟೂ ಕಥೆಯಲ್ಲಿ ರಿಪ್ಲಿ ಇಲ್ಲವೇ ಇಲ್ಲ. ಸಿನಿಮಾದ ಅತಿ ದೊಡ್ಡ ತಾರೆಯನ್ನು ಹೊರಗಿಟ್ಟು, ಬದುಕುಳಿದ ಇಬ್ಬರ ಮನಸ್ಸಿನ ಗಾಯವನ್ನೇ ವಸ್ತುವಾಗಿಸಿಕೊಂಡ ಜಾಹೀರಾತು ಎಲ್ಲಿಯಾದರೂ ಉಂಟೆ?

ನೆಲ್ಸನ್ ಅವರ ಚಿತ್ರಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅವರ ನೆರಳು ಗೆರೆಗಳಿಂದ, ಚುಕ್ಕಿಗಳಿಂದ ಕಟ್ಟಿದ್ದು. ಎಚ್. ಆರ್. ಗೀಗರ್ 1979ರ ಮೊದಲ ಸಿನಿಮಾಕ್ಕೆ ರೂಪಿಸಿಕೊಟ್ಟ ಆ ಮೂಳೆ, ಕೊಳವೆ, ಲೋಳೆಯ ಲೋಕಕ್ಕೆ ಈ ಗೆರೆಗಾರಿಕೆ ಹೇಳಿ ಮಾಡಿಸಿದಂತಿದೆ. ಎಲ್ಲಿ ಗೋಡೆ ಮುಗಿಯಿತು, ಎಲ್ಲಿ ಜೀವಿ ಶುರುವಾಯಿತು ಎಂದು ಕಣ್ಣು ತಡಕಾಡುತ್ತದೆ. 1996ರಲ್ಲಿ ಇದೇ ಕಥೆಗೆ ಬಣ್ಣ ತುಂಬಿ ‘ಔಟ್‌ಬ್ರೇಕ್’ ಎಂಬ ಹೆಸರಿನಲ್ಲಿ ಮತ್ತೆ ಪ್ರಕಟಿಸಿದರು. ಎರಡನ್ನೂ ಒಂದೇ ದೀಪದ ಕೆಳಗೆ ಪುಟಕ್ಕೆ ಪುಟ ಇಟ್ಟು ನೋಡಿದೆ. ಬಣ್ಣದ ಪ್ರತಿಯಲ್ಲಿ ಕಣ್ಣಿಗೆ ತಡಕಾಡುವ ಕೆಲಸವೇ ಉಳಿದಿಲ್ಲ. ಗೋಡೆ ಒಂದು ಬಣ್ಣ, ಜೀವಿ ಇನ್ನೊಂದು ಬಣ್ಣ, ಭಯಕ್ಕೆ ಜಾಗವೇ ಇಲ್ಲ.

ಎರಡನೆಯ ಸರಣಿಗೆ ಡೆನಿಸ್ ಬೊವೆ ಪ್ರತಿ ಚೌಕಟ್ಟನ್ನೂ ವರ್ಣಚಿತ್ರದಂತೆ ಬಣ್ಣದಲ್ಲೇ ಬರೆದರು. ಅಲ್ಲಿ ಸ್ಪಿಯರ್ಸ್ ಎಂಬ ಸೇನಾಧಿಕಾರಿ ಅನ್ಯಜೀವಿಗಳನ್ನು ಪಳಗಿಸಿ ಪಡೆ ಕಟ್ಟಲು ಹೊರಟಿರುತ್ತಾನೆ. ಚಿತ್ರಗಳು ಭರ್ಜರಿಯಾಗಿವೆ, ಕಥೆ ಮಾತ್ರ ಸ್ಪಿಯರ್ಸ್‌ನ ಹುಚ್ಚನ್ನೇ ನೆಚ್ಚಿ ನಡೆಯುತ್ತದೆ. ಮೂರನೆಯದು 1990ರ ‘ಅರ್ಥ್ ವಾರ್’. ರಿಪ್ಲಿ ಕೊನೆಗೂ ಕಥೆಯ ನಡುವಿಗೆ ಬರುವುದು ಇಲ್ಲಿ. ಚಿತ್ರಕಾರ ಸ್ಯಾಮ್ ಕೀತ್ ಮನುಷ್ಯರ ಮೈಕೈಗಳನ್ನು ಮನಬಂದಂತೆ ಉದ್ದ ಮಾಡುತ್ತಾರೆ, ಮುಖ ಹಿಗ್ಗಿಸುತ್ತಾರೆ. ಆಗ ನನಗೆ ಇದು ತೀರಾ ಇಷ್ಟವಾಗಿರಲಿಲ್ಲ. ಈಗ ಮೂರರಲ್ಲಿ ಹೆಚ್ಚು ಜೀವಂತವಾಗಿ ಕಂಡದ್ದು ಅದೇ. ಕಥೆಯೇ ಕೆಟ್ಟ ಕನಸಿನ ತರ್ಕಕ್ಕೆ ಇಳಿದಿರುವಾಗ ಅಂಗರಚನೆ ಸರಿಯಾಗಿರಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಇಲ್ಲಿಗೆ ನಿಲ್ಲಿಸಿ ‘ಏಲಿಯನ್ 3’ ನೋಡಿದೆ. ಅದರ ನಿರ್ದೇಶಕ ಡೇವಿಡ್ ಫಿಂಚರ್‌ಗೆ ಅದು ಮೊದಲ ಸಿನಿಮಾ. ಸ್ಟುಡಿಯೊದವರ ಜೊತೆಗಿನ ಗುದ್ದಾಟದಿಂದ ರೋಸಿಹೋಗಿ ಆಮೇಲೆ ಅವರು ಅದರಿಂದ ದೂರವೇ ಉಳಿದರು. ಫಿಂಚರ್‌ಗಿಂತ ಮೊದಲು ಈ ಸಿನಿಮಾ ನಿರ್ದೇಶಿಸಬೇಕಿದ್ದ ವಿನ್ಸೆಂಟ್ ವಾರ್ಡ್ ಮರದಿಂದಲೇ ಮಾಡಿದ ಒಂದು ಗ್ರಹ, ಅದರೊಳಗೆ ಸನ್ಯಾಸಿಗಳ ಮಠ ಎಂಬ ಕಲ್ಪನೆ ಇಟ್ಟುಕೊಂಡಿದ್ದರು. ಅದು ಕರಗಿ ಕೊನೆಗೆ ಕೈದಿಗಳ ಕಾರ್ಖಾನೆಯಾಯಿತು. ಕೈದಿಗಳ ಧರ್ಮಶ್ರದ್ಧೆಯಲ್ಲಿ ಮಠದ ಕುರುಹು ಉಳಿದಿದೆ. ಕತ್ತಲು, ಬೋಳುತಲೆಗಳು, ಕೊನೆಯ ಬಲಿದಾನ ಎಲ್ಲದರಲ್ಲೂ ಒಂದು ಗಾಂಭೀರ್ಯವಿದೆ, ಅದನ್ನು ಅಲ್ಲಗಳೆಯಲಾರೆ. ಆದರೂ ನ್ಯೂಟ್‌ಳ ಶವಪರೀಕ್ಷೆಯ ದೃಶ್ಯವನ್ನು ಆ ಕಾಮಿಕ್ಸ್ ಓದಿದ ಬೆನ್ನಿಗೇ ನೋಡುವುದು ಕಷ್ಟವಾಯಿತು. ಕ್ಯಾಮರೂನ್ ಕೂಡ ಆ ಸಾವುಗಳ ಬಗ್ಗೆ ತಮ್ಮ ಅಸಮಾಧಾನವನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ.

ತಮಾಷೆಯ ಸಂಗತಿ ಒಂದಿದೆ. ಆ ಸಿನಿಮಾಕ್ಕೆಂದು ಮೊದಲು ಬಿಟ್ಟ ಕಿರು ಪ್ರಚಾರಚಿತ್ರ, ಈ ಸಲ ಅನ್ಯಜೀವಿ ಭೂಮಿಗೇ ಬರುತ್ತದೆ ಎಂದು ಆಸೆ ಹುಟ್ಟಿಸಿತ್ತು. ಸಿನಿಮಾದಲ್ಲಿ ಭೂಮಿಯ ಸುಳಿವೇ ಇಲ್ಲ. ಪ್ರಚಾರಚಿತ್ರ ಕೊಟ್ಟ ಮಾತನ್ನು ನಡೆಸಿಕೊಟ್ಟಿದ್ದು ಕಾಮಿಕ್ಸ್, ಅದೂ ಮಾತು ಕೊಡುವುದಕ್ಕೆ ಮುಂಚೆಯೇ. ಸ್ನೇಹಿತರಿಗೆ ನಾನು ಮೊದಲು ತೋರಿಸಿದ ಪುರಾವೆ ಇದು. ಅವರು ನಕ್ಕು, ಒಂದು ಆಕಸ್ಮಿಕದಿಂದ ಏನೂ ಸಿದ್ಧವಾಗುವುದಿಲ್ಲ ಎಂದರು.

ಹಾಗಾದರೆ ಹೆಸರು ಬದಲಿಸಿದ ಪ್ರಕರಣಕ್ಕೆ ಬರೋಣ. ಸಿನಿಮಾ ಇಬ್ಬರನ್ನೂ ಕೊಂದ ಮೇಲೆ, ಅವರು ವರ್ಷಗಟ್ಟಲೆ ಬದುಕಿ ಕಾದಾಡುವ ಕಥೆಗಳನ್ನು ಮರುಮುದ್ರಣ ಮಾಡುವುದು ಹೇಗೆ? ಪ್ರಕಾಶಕರು ಕಂಡುಕೊಂಡ ಉಪಾಯ ಸರಳವಾಗಿತ್ತು. ಹಿಕ್ಸ್ ಹೋಗಿ ವಿಲ್ಕ್ಸ್ ಆದ, ನ್ಯೂಟ್ ಹೋಗಿ ಬಿಲ್ಲಿ ಆದಳು. ಅವರು ಪಾರಾಗಿ ಬಂದ ವಸಾಹತು ಸಿನಿಮಾದ್ದಲ್ಲ, ಬೇರೆ ಯಾವುದೋ ಎಂದಾಯಿತು. ಚಿತ್ರಗಳು ಅವೇ. ಅದೇ ಕಲೆಬಿದ್ದ ಮುಖ, ಅದೇ ಬೆದರಿದ ಕಣ್ಣು. ಮಾತಿನ ಗುಳ್ಳೆಗಳೊಳಗೆ ಮಾತ್ರ ಹೊಸ ಹೆಸರು.

ಮೂಲ ಸಂಚಿಕೆಯನ್ನೂ 1996ರ ಪ್ರತಿಯನ್ನೂ ಗುಳ್ಳೆಗೆ ಗುಳ್ಳೆ ಹೋಲಿಸುತ್ತ ಕುಳಿತದ್ದು ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸುಖ ಕೊಟ್ಟ ಭಾಗ. ಹೆಸರು ಬದಲಾದ ಕೂಡಲೇ ಕಥೆಯ ತೂಕ ಎಲ್ಲಿ ಕುಸಿಯುತ್ತದೆ ಎಂಬುದು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. ನ್ಯೂಟ್‌ಳ ಕನಸಿನ ಹಿಂದೆ ನಾವೇ ಕಣ್ಣಾರೆ ಕಂಡ ಎರಡು ಗಂಟೆಯ ಸಿನಿಮಾ ಇದೆ. ಬಿಲ್ಲಿಯ ಕನಸಿನ ಹಿಂದೆ ಇರುವುದು ಯಾರೂ ಕಾಣದ ಒಂದು ಘಟನೆಯ ವರದಿ. ಹಿಕ್ಸ್ ಅವಳನ್ನು ಆಸ್ಪತ್ರೆಯಿಂದ ಬಿಡಿಸಲು ಹೋಗುವಾಗ ಓದುಗನಿಗೆ ಕಾರಣ ಹೇಳಬೇಕಿಲ್ಲ. ವಿಲ್ಕ್ಸ್ ಹೋಗುವಾಗ ಹೇಳಬೇಕಾಗುತ್ತದೆ. ಕಥೆ ನಿಂತಿದ್ದೇ ಸಿನಿಮಾದ ಹೆಗಲ ಮೇಲೆ ಎಂಬ ಸ್ನೇಹಿತರ ಮಾತಿಗೆ ಇದು ಪುಷ್ಟಿ ಕೊಡುತ್ತದಲ್ಲವೆ ಎಂದರೆ, ಹೌದು, ಕೊಡುತ್ತದೆ. ಆದರೆ ಜಾಹೀರಾತಾಗಿದ್ದರೆ ಯಾರೂ ಇಷ್ಟು ಕಷ್ಟಪಟ್ಟು ತಿದ್ದುತ್ತಿರಲಿಲ್ಲ. ಸಿನಿಮಾ ಬಂದು ಹೋದ ಮೇಲೆ ಜಾಹೀರಾತು ರದ್ದಿಗೆ ಹೋಗುತ್ತದೆ. ಇದನ್ನು ಓದುವವರಿದ್ದರು, ಆದ್ದರಿಂದ ಪಾತ್ರಗಳಿಗೆ ವೇಷ ಹಾಕಿಸಿಯಾದರೂ ಅಚ್ಚು ಹಾಕಬೇಕಾಯಿತು.

ಇದನ್ನು ಕಂಡ ಮೇಲೆ ಪತ್ರಿಕೆಯ 1992ರ ಸಂಚಿಕೆಗಳಿಗೆ ಮರಳಿದರೆ ಅವುಗಳ ಇಕ್ಕಟ್ಟು ಅರ್ಥವಾಗುತ್ತದೆ. ಒಂದು ಕಡೆ ಹೊಸ ಸಿನಿಮಾದ ಬಗ್ಗೆ ಉತ್ಸಾಹ ತುಂಬಿದ ಲೇಖನ ಕೊಡಬೇಕು. ಇನ್ನೊಂದು ಕಡೆ ಆ ಸಿನಿಮಾ ಸುಳ್ಳಾಗಿಸಿದ ಲೋಕದಲ್ಲೇ ನಡೆಯುವ ಕಥೆಗಳಿಂದ ಪುಟ ತುಂಬಬೇಕು. ಈ ವಿರೋಧವನ್ನು ವಿವರಿಸಲು ಯಾರೂ ಹೋಗಿಲ್ಲ. ಲೇಖನ ಮುಗಿದ ಮರುಪುಟದಲ್ಲಿ ಕಥೆ ತನ್ನ ಪಾಡಿಗೆ ತಾನು ಮುಂದುವರಿಯುತ್ತದೆ.

ಎಲ್ಲವೂ ಅಮೆರಿಕದಿಂದ ಎರವಲು ಬಂದದ್ದಲ್ಲ ಎಂಬುದಕ್ಕೆ ಒಂದು ಕಥೆಯನ್ನು ಹೇಳಲೇಬೇಕು. ಪೀಟರ್ ಮಿಲ್ಲಿಗನ್ ಬರೆದು ಪಾಲ್ ಜಾನ್ಸನ್ ಚಿತ್ರಿಸಿದ ‘ಸ್ಯಾಕ್ರಿಫೈಸ್’ ಮೊದಲು ಧಾರಾವಾಹಿಯಾಗಿ ಬಂದದ್ದು ಈ ಬ್ರಿಟಿಷ್ ಪತ್ರಿಕೆಯಲ್ಲೇ. 1993ರಲ್ಲಿ ಅಮೆರಿಕದಲ್ಲಿ ಪುಸ್ತಕವಾಯಿತು. ನೌಕೆ ಅಪ್ಪಳಿಸಿ ಒಂದು ದೂರದ ವಸಾಹತಿಗೆ ಬಂದು ಬೀಳುವ ಪಾದ್ರಿ ಹೆಂಗಸೊಬ್ಬಳು ಅಲ್ಲಿನ ಊರಿನವರ ವ್ಯವಸ್ಥೆಯನ್ನು ಕಂಡು ನಡುಗುತ್ತಾಳೆ. ಹೊರಗೆ ಸುಳಿದಾಡುವ ಅನ್ಯಜೀವಿ ಊರಿಗೆ ನುಗ್ಗದಿರಲೆಂದು ಅವರು ಎಳೆಯ ಮಕ್ಕಳನ್ನು ಬಲಿ ಕೊಡುತ್ತಿರುತ್ತಾರೆ. ಓದುತ್ತಿದ್ದ ಹಾಗೆ ನನಗೆ ಕಂಡದ್ದು ಏಕಚಕ್ರನಗರ. ಸರದಿಯ ಮೇಲೆ ಬಕಾಸುರನಿಗೆ ಬಂಡಿ ಕಳಿಸುವ ಊರು, ಒಪ್ಪಂದ ಮುರಿಯಲು ಯಾರಿಗೂ ಧೈರ್ಯವಿಲ್ಲ, ಮುರಿಯಬೇಕೆಂಬ ಯೋಚನೆಯೂ ಈಗೀಗ ಇಲ್ಲ. ಆದರೆ ಮಿಲ್ಲಿಗನ್ ಅವರ ಊರಿಗೆ ಭೀಮ ಬರುವುದಿಲ್ಲ. ಬರುವವಳು ತನ್ನ ನಂಬಿಕೆಯೇ ಅಲುಗಾಡುತ್ತಿರುವ ಒಬ್ಬ ಸಾಮಾನ್ಯ ಹೆಂಗಸು. ರಾಕ್ಷಸನಿಗಿಂತ ಒಪ್ಪಂದ ಹೆಚ್ಚು ಭಯಾನಕ ಎಂಬುದು ಆ ಕಥೆಯ ಪ್ರತಿ ಪುಟದಲ್ಲೂ ಇದೆ. ಇಡೀ ಕಟ್ಟಿನಲ್ಲಿ ನಾನು ಎರಡು ಸಲ ಓದಿದ್ದು ಇದೊಂದನ್ನೇ.

‘ಏಲಿಯನ್ಸ್ ವರ್ಸಸ್ ಪ್ರಿಡೇಟರ್’ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಎರಡು ಜೀವಿಗಳನ್ನು ಎದುರುಬದುರು ನಿಲ್ಲಿಸಿದ್ದು ಸಿನಿಮಾದವರಲ್ಲ, ಡಾರ್ಕ್ ಹಾರ್ಸ್ ಕಾಮಿಕ್ಸ್. ‘ಪ್ರಿಡೇಟರ್ 2’ರಲ್ಲಿ ಬೇಟೆಗಾರನ ಗೋಡೆಯ ಮೇಲೆ ಏಲಿಯನ್ ತಲೆಬುರುಡೆ ಕಂಡು ಜನ ಬೆರಗಾದದ್ದು 1990ರ ಕೊನೆಯಲ್ಲಿ. ಅದೇ ವರ್ಷದ ಶುರುವಿನಲ್ಲೇ ಕಾಮಿಕ್ಸ್ ಅದನ್ನು ಮಾಡಿ ಮುಗಿಸಿತ್ತು. 2004ರ ಸಿನಿಮಾ ನೋಡಿದವರು ಆ ಕಾಮಿಕ್ಸ್‌ನ ಮಚಿಕೊ ನೊಗುಚಿಯನ್ನು ಒಮ್ಮೆ ಓದಬೇಕು. ವಸಾಹತಿನ ಆಡಳಿತ ನೋಡಿಕೊಳ್ಳಲು ಬಂದು ಕೊನೆಗೆ ಬೇಟೆಗಾರನ ಗೌರವ ಗಳಿಸುವ ಅವಳನ್ನು ಸಿನಿಮಾದವರು ಕೈಬಿಟ್ಟದ್ದೇಕೆ ಎಂಬ ಸಿಟ್ಟು ನನಗಿನ್ನೂ ಇಳಿದಿಲ್ಲ.

ಇನ್ನೊಂದು ಜಾಗದಲ್ಲಿ ಕಾಮಿಕ್ಸ್ ಸಿನಿಮಾಕ್ಕಿಂತ ಮುಂಚೆ ಉತ್ತರ ಹೇಳಿತ್ತು. 1979ರ ಸಿನಿಮಾದಲ್ಲಿ ಪಾಳುಬಿದ್ದ ಅನ್ಯನೌಕೆಯೊಳಗೆ ಎದೆ ಒಡೆದು ಕಲ್ಲಾಗಿ ಕುಳಿತಿದ್ದ ಆ ದೈತ್ಯ ಚಾಲಕ ಯಾರು? 1988ರ ಕಥೆಯಲ್ಲಿ ಅವನ ಕುಲದವನೊಬ್ಬ ಜೀವಂತ ಬರುತ್ತಾನೆ. ಸೊಂಡಿಲಿನಂಥ ಮುಖ, ಮನಸ್ಸಿನಿಂದ ಮನಸ್ಸಿಗೆ ಮಾತು. ಮನುಷ್ಯರನ್ನು ಅಪಾಯದಿಂದ ಪಾರು ಮಾಡುತ್ತಾನಾದರೂ ಅವನ ಒಳಗಿರುವುದು ದ್ವೇಷ ಎಂದು ನ್ಯೂಟ್‌ಗೆ ಗೊತ್ತಾಗುತ್ತದೆ. 2012ರ ‘ಪ್ರಮೀಥಿಯಸ್’ ಆ ಸೊಂಡಿಲನ್ನು ಬರೀ ಕವಚವೆಂದು ಕಳಚಿ, ಒಳಗೆ ಮನುಷ್ಯನಂಥ ಬಿಳಿಯನನ್ನು ತೋರಿಸಿತು. ಅಧಿಕೃತ ಉತ್ತರ ಅದೇ. ನನಗೆ ಹಿಡಿಸುವುದು ಅನಧಿಕೃತವಾದದ್ದು. ವಿಶ್ವದಲ್ಲಿ ನಮ್ಮನ್ನು ಹೋಲದ, ನಮ್ಮನ್ನು ಇಷ್ಟಪಡದ ಬುದ್ಧಿಯೊಂದಿದೆ ಎಂಬುದು ಮೊದಲ ಸಿನಿಮಾದ ಸ್ವಭಾವಕ್ಕೆ ಹೆಚ್ಚು ಹತ್ತಿರ.

ಮೂರನೆಯ ಸಿನಿಮಾಕ್ಕೆ ವಿಲಿಯಂ ಗಿಬ್ಸನ್ ಬರೆದು ತಿರಸ್ಕೃತವಾಗಿದ್ದ ಚಿತ್ರಕಥೆಯನ್ನು ಡಾರ್ಕ್ ಹಾರ್ಸ್ 2018–19ರಲ್ಲಿ ಜಾನಿ ಕ್ರಿಸ್ಮಸ್ ಅವರ ಕೈಯಲ್ಲಿ ಐದು ಸಂಚಿಕೆಗಳ ಕಾಮಿಕ್ಸ್ ಮಾಡಿಸಿತು. ಅದನ್ನೂ ಈ ಸಾಲಿನ ತುದಿಗೆ ಸೇರಿಸಿ ಓದಿದೆ. ರಿಪ್ಲಿ ಪ್ರಜ್ಞೆಯಿಲ್ಲದೆ ಮಲಗಿರುತ್ತಾಳೆ. ಹಿಕ್ಸ್ ಮತ್ತು ಯಂತ್ರಮಾನವ ಬಿಷಪ್ ಕಥೆಯನ್ನು ಹೊರುತ್ತಾರೆ. ನ್ಯೂಟ್ ಬದುಕಿರುತ್ತಾಳೆ. ಎರಡು ಶಕ್ತಿಬಣಗಳ ಶೀತಲಸಮರ ಬಾಹ್ಯಾಕಾಶಕ್ಕೂ ಹಬ್ಬಿರುತ್ತದೆ. ಸಿನಿಮಾ ಆಗದೆ ಉಳಿದದ್ದು ಕಾಮಿಕ್ಸ್‌ನಲ್ಲಿ ಬಂದು ನೆಲೆ ಕಂಡುಕೊಳ್ಳುವುದು ಈ ಲೋಕದಲ್ಲಿ ಹೊಸದೇನಲ್ಲ. ಸ್ನೇಹಿತರು ಇದನ್ನು ಓದಿ ಮುಗಿಸಿ, ಪತ್ರಿಕೆಯ ಕಟ್ಟನ್ನೂ ಒಯ್ದಿದ್ದಾರೆ. ಸೋತೆ ಎಂದು ಅವರು ಹೇಳಿಲ್ಲ, ಕಟ್ಟನ್ನು ಮರಳಿಸಿಯೂ ಇಲ್ಲ.

ಈ ಕಥೆಗಳ ಹಕ್ಕು ಈಗ ಡಾರ್ಕ್ ಹಾರ್ಸ್ ಬಳಿ ಇಲ್ಲ. ಫಾಕ್ಸ್ ಸ್ಟುಡಿಯೊ ಡಿಸ್ನಿಯ ಪಾಲಾದ ಮೇಲೆ 2020ರಲ್ಲಿ ಅದು ಮಾರ್ವೆಲ್‌ಗೆ ಹೋಯಿತು. ಹಳೆಯ ಕಥೆಗಳು ಮತ್ತೆ ದಪ್ಪ ಸಂಪುಟಗಳಾಗಿ ಬರುತ್ತಿವೆ. ಹೊಸದಾಗಿ ಓದಲು ಹೊರಡುವವರು ಬಿಡಿ ಪತ್ರಿಕೆಗಳಿಗಾಗಿ ನನ್ನಂತೆ ಒದ್ದಾಡಬೇಕಿಲ್ಲ. ‘ಏಲಿಯನ್ಸ್’ ಸಿನಿಮಾಕ್ಕೆ 30 ವರ್ಷ ತುಂಬಿದಾಗ, 2016ರಲ್ಲಿ, ಡಾರ್ಕ್ ಹಾರ್ಸ್ ಮೊದಲ ಸರಣಿಯನ್ನು ದೊಡ್ಡ ಆಕಾರದ ಗಟ್ಟಿರಟ್ಟಿನ ಪುಸ್ತಕವಾಗಿ, ಕಪ್ಪು ಬಿಳುಪಿನಲ್ಲೇ, ಹಿಕ್ಸ್ ಮತ್ತು ನ್ಯೂಟ್ ಎಂಬ ಮೂಲ ಹೆಸರುಗಳೊಂದಿಗೆ ಹೊರತಂದಿದೆ. ಸಿಕ್ಕರೆ ಅದನ್ನೇ ಕೊಳ್ಳಿ. ಸಿಗದಿದ್ದರೆ ‘ಆಮ್ನಿಬಸ್’ ಎಂಬ ಸಂಗ್ರಹದ 2007ರ ಮೊದಲ ಸಂಪುಟ ಸಾಕು, ಮೂರೂ ಸರಣಿಗಳು ಒಂದೇ ಕಡೆ ಇವೆ. ಅದರಲ್ಲಿ ಹೆಸರುಗಳು ಮಾತ್ರ ವಿಲ್ಕ್ಸ್, ಬಿಲ್ಲಿ ಎಂದಿರುತ್ತವೆ. ಪೆನ್ಸಿಲಿನಲ್ಲಿ ತಿದ್ದಿಕೊಂಡು ಓದಿ.